ಆಂಗ್ಲ ಗ್ರಾಮಾಂತರದ ಎಸ್ಟೇಟ್ ಕುಟೀರಗಳು: ಅಂದವೂ ಆಶ್ರಯವೂ

‘ಕಾಟೇಜ್’ ಎಂಬ ಆಂಗ್ಲ ಶಬ್ದಕ್ಕೆ ಕನ್ನಡದಲ್ಲಿ ‘ಕುಟೀರ’ವೆಂದು ಬರೆಯುವುದು ವಾಡಿಕೆ. ವಾಡಿಕೆಯಾದುದರಿಂದಲೇ ಈ ಲೇಖನದಲ್ಲಿಯೂ ಅದನ್ನು ಬಳಸಲಾಗಿದೆ. ಆದರೆ ಅದು ಸರ್ವಥಾ ಒಪ್ಪುವ ಶಬ್ದವೇನಲ್ಲ. ಕುಟೀರವೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಋಷ್ಯಾಶ್ರಮದ ಪರ್ಣಶಾಲೆ. ಅಲ್ಲಿ ವಾಸಿಸುವವನು ಲೋಕವನ್ನು ತಾನಾಗಿ ತೊರೆದು ಬಂದವನು. ಇಂಗ್ಲೆಂಡಿನ ಹಳ್ಳಿಗಾಡಿನ ಕಾಟೇಜಿನಲ್ಲಿ ವಾಸಿಸುತ್ತಿದ್ದವನಾದರೋ ಏನನ್ನೂ ತೊರೆದವನಲ್ಲ. ತೊರೆಯಲು ಅವನ ಬಳಿ ಏನೂ ಇರಲಿಲ್ಲ. ‘ಎಸ್ಟೇಟ್’ ಎಂಬ ಶಬ್ದವೂ ಇಂತಹುದೇ. ಕೊಡಗು, ಚಿಕ್ಕಮಗಳೂರುಗಳ ಕಡೆಯ ವಾಚಕರಿಗೆ ಎಸ್ಟೇಟ್ ಎಂದರೆ ಕಾಫಿಯ ತೋಟ, ಅದರ ಮಗ್ಗುಲಲ್ಲಿ ಆಳುಗಳ ಲೈನ್‌ಮನೆ. ಇಂಗ್ಲೆಂಡಿನಲ್ಲಿ ಅದು ಒಬ್ಬ ಶ್ರೀಮಂತನ ಸಮಗ್ರ ಭೂಸಂಪತ್ತು: ನಡುವೆ ಮಹಾಸೌಧ, ಅದರ ಸುತ್ತ ಜಿಂಕೆಗಳು ಮೇಯುವ ಉದ್ಯಾನ, ಅದರಾಚೆ ಗುತ್ತಿಗೆಗೆ ಕೊಟ್ಟ ಹೊಲಗಳು, ಕಾಡು, ಚರ್ಚು, ಹಳ್ಳಿ. ಆ ಒಡೆಯನು ತನ್ನ ನೇಗಿಲಾಳು, ಕುರುಬ, ತೋಟಗಾರ, ಬೇಟೆಕಾಡಿನ ಕಾವಲುಗಾರ ಮುಂತಾದವರಿಗಾಗಿಯೂ ದುಡಿದು ಮುಪ್ಪಾದ ಸೇವಕರಿಗಾಗಿಯೂ ಕಟ್ಟಿಸಿದ ಮನೆಗಳೇ ಎಸ್ಟೇಟ್ ಕುಟೀರಗಳು.

ಈ ಮನೆಗಳ ಕೀರ್ತಿ ಇಂದು ಜಗತ್ತಿನಲ್ಲೆಲ್ಲ ಹಬ್ಬಿದೆ. ಗೋಡೆಯ ಕ್ಯಾಲೆಂಡರು, ಬಿಸ್ಕತ್ತಿನ ಡಬ್ಬಿಯ ಮುಚ್ಚಳ, ಪ್ರವಾಸಿಗರ ಅಂಚೆ ಕಾರ್ಡು, ಎಲ್ಲೆಡೆಯೂ ಅವುಗಳ ಚಿತ್ರವೇ. ಬಾಗಿದ ಹುಲ್ಲಿನ ಮಾಡು, ಕೆನೆಬಣ್ಣದ ಗೋಡೆ, ಬಾಗಿಲ ಮೇಲೆ ಹಬ್ಬಿದ ಗುಲಾಬಿಯ ಬಳ್ಳಿ ಇವುಗಳನ್ನು ಕಂಡು ಮನಸೋಲದವನು ವಿರಳ. ಅವು ಸುಂದರವೆಂಬುದು ನಿರ್ವಿವಾದ. ಆದರೆ ಕಾವ್ಯದ ಸೌಂದರ್ಯವನ್ನು ಅಳೆಯುವ ಕೋಲಿನಿಂದಲೇ ಮನೆಯ ಸೌಂದರ್ಯವನ್ನು ಅಳೆಯಬಹುದೇ ಎಂಬುದು ವಿಚಾರಣೀಯವಾದ ಸಂಗತಿ. ಕಾವ್ಯಕ್ಕೆ ಸಹೃದಯನೊಬ್ಬನು ಸಾಕು. ಮನೆಗಾದರೋ ಹೊರಗೆ ನಿಂತು ನೋಡುವವನೊಬ್ಬ, ಒಳಗೆ ಮಲಗುವವನೊಬ್ಬ. ಇವರಿಬ್ಬರ ಅನುಭವ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎಸ್ಟೇಟ್ ಕುಟೀರಗಳ ಇನ್ನೂರೈವತ್ತು ವರ್ಷಗಳ ಚರಿತ್ರೆಯು ಬಹುಮಟ್ಟಿಗೆ ಈ ಇಬ್ಬರ ನಡುವಣ ವ್ಯಾಜ್ಯದ ಚರಿತ್ರೆಯೇ ಆಗಿದೆ.

ಮೊದಲು ಕಟ್ಟುವ ವಿದ್ಯೆಯನ್ನು ನೋಡಬೇಕು. ಏಕೆಂದರೆ ಒಳಗಿನವನಿಗೂ ಹೊರಗಿನವನಿಗೂ ಸಮನಾಗಿ ಸಲ್ಲುವ ಗುಣವೇನಾದರೂ ಇದ್ದರೆ ಅದು ಅಲ್ಲಿದೆ. ರೈಲುಮಾರ್ಗಗಳು ಬರುವುದಕ್ಕೆ ಮುಂಚೆ ಬಡವನ ಮನೆಗೆ ದೂರದಿಂದ ಸಾಮಗ್ರಿಯನ್ನು ಹೊತ್ತು ತರುವುದು ಸಾಧ್ಯವಿರಲಿಲ್ಲ. ಕಾಟ್ಸ್‌ವೋಲ್ಡ್ ಗುಡ್ಡಗಳಲ್ಲಿ ಕೈಗೆ ಸಿಕ್ಕಿದ್ದು ಜೇನುಬಣ್ಣದ ಸುಣ್ಣಕಲ್ಲು. ಅಲ್ಲಿ ಗೋಡೆಯೂ ಕಲ್ಲು, ಮಾಡಿನ ಹೊದಿಕೆಯೂ ಸೀಳಿದ ಕಲ್ಲೇ. ಡೆವನ್, ಡಾರ್ಸೆಟ್ ಸೀಮೆಗಳಲ್ಲಿ ದೊರೆತದ್ದು ಜೇಡಿಮಣ್ಣು. ಅದಕ್ಕೆ ಒಣಹುಲ್ಲು, ನೀರು ಬೆರೆಸಿ, ಕಾಲಿನಿಂದಲೋ ಎತ್ತುಗಳಿಂದಲೋ ಚೆನ್ನಾಗಿ ತುಳಿಸಿ, ಮುದ್ದೆಮುದ್ದೆಯಾಗಿ ಗೋಡೆಯ ಮೇಲಿಟ್ಟು ಮೆಟ್ಟುತ್ತಿದ್ದರು. ಒಂದು ವರಸೆ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ವರಸೆ. ಎರಡಡಿಗೂ ಮಿಕ್ಕು ದಪ್ಪವಿರುವ ಈ ಗೋಡೆಗೆ ‘ಕಾಬ್’ ಎಂದು ಹೆಸರು. ಅದು ಚಳಿಗಾಲದಲ್ಲಿ ಬೆಚ್ಚಗೆ, ಬೇಸಗೆಯಲ್ಲಿ ತಂಪಾಗಿ ಇರುತ್ತದೆ. ಅದಕ್ಕೆ ನೀರೊಂದೇ ಶತ್ರು. ಒಳ್ಳೆಯ ಟೋಪಿಯೂ ಒಳ್ಳೆಯ ಪಾದರಕ್ಷೆಯೂ ಇದ್ದರೆ ಕಾಬ್ ಗೋಡೆಗೆ ಸಾವಿಲ್ಲವೆಂದು ಡೆವನ್ ಸೀಮೆಯ ಜನರ ಮಾತು. ಪಾದರಕ್ಷೆಯೆಂದರೆ ಕಲ್ಲಿನ ತಳಪಾಯ; ಟೋಪಿಯೆಂದರೆ ಗೋಡೆಯಿಂದಾಚೆ ಚಾಚಿದ ಹುಲ್ಲಿನ ಸೂರು. ಗೋಡೆಗೆ ಬಳಿಯುವ ಸುಣ್ಣವೂ ಬರಿಯ ಅಂದಕ್ಕಲ್ಲ. ಸುಣ್ಣವು ಗೋಡೆಯೊಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಜಾಣತನವೆಂದು ಭಾವಿಸಿ ಇಂತಹ ಗೋಡೆಗಳಿಗೆ ಸಿಮೆಂಟು ಬಳಿದವರು ಆ ತೇವವನ್ನು ಒಳಗೇ ಬಂಧಿಸಿದರು. ಶತಮಾನಗಟ್ಟಲೆ ನಿಂತಿದ್ದ ಗೋಡೆಗಳು ಆ ಉಪಕಾರದಿಂದ ಮೆತ್ತಗಾಗಿ ಕುಸಿದುದುಂಟು.

ಈ ವಿದ್ಯೆ ಊರಿನ ಕುಶಲಕರ್ಮಿಗಳ ಪರಂಪರೆಗೆ ಸೇರಿದುದು. ಒಡೆಯರು ಇದರಲ್ಲಿ ಕೈಹಾಕಿದ್ದು ಹದಿನೆಂಟನೆಯ ಶತಮಾನದಲ್ಲಿ, ಅದೂ ಮೊದಲಿಗೆ ಕಟ್ಟುವುದಕ್ಕಾಗಿ ಅಲ್ಲ, ಕೆಡಹುವುದಕ್ಕಾಗಿ. ಸೌಧದ ಕಿಟಕಿಯಿಂದ ನೋಡಿದಾಗ ಹಸುರು ಇಳಿಜಾರು, ಕೊಳ, ಮರಗಳ ಗುಂಪು ಮಾತ್ರವೇ ಕಾಣಬೇಕೆಂಬ ಅಭಿರುಚಿ ಅಂದು ಪ್ರಬಲವಾಯಿತು. ಆ ನೋಟಕ್ಕೆ ಅಡ್ಡ ಬಂದ ಹಳ್ಳಿಯೇ ಬೇರೆಡೆಗೆ ಸಾಗಬೇಕಾಯಿತು. ಆಕ್ಸ್‌ಫರ್ಡ್ ಬಳಿಯ ನ್ಯೂನಮ್ ಕೋರ್ಟ್ನಿ ಎಂಬ ಹಳ್ಳಿಯನ್ನು ಹಾರ್ಕೋರ್ಟ್ ಪ್ರಭುವು 1760ರ ದಶಕದಲ್ಲಿ ಹೀಗೆ ಎತ್ತಿಸಿ, ಹೆದ್ದಾರಿಯ ಇಕ್ಕೆಲಗಳಲ್ಲಿ ಇಟ್ಟಿಗೆಯ ಜೋಡಿಮನೆಗಳನ್ನು ಸಾಲಾಗಿ ಕಟ್ಟಿಸಿದನು. ಬಾರ್ಬರಾ ವೈಟ್ ಎಂಬ ಮುದುಕಿಯೊಬ್ಬಳು ಮಾತ್ರ ತನ್ನ ಹಳೆಯ ಗುಡಿಸಲನ್ನು ಬಿಡಲೊಲ್ಲದೆ ಬೇಡಿಕೊಂಡಳು. ಅವಳಿಗೆ ಅಲ್ಲಿಯೇ ಇರಲು ಅನುಮತಿ ದೊರೆಯಿತು. ಆಲಿವರ್ ಗೋಲ್ಡ್‌ಸ್ಮಿತ್ ಕವಿಯು 1770ರಲ್ಲಿ ಪ್ರಕಟಿಸಿದ ‘ದಿ ಡೆಸರ್ಟೆಡ್ ವಿಲೇಜ್’ ಎಂಬ ಪ್ರಸಿದ್ಧ ಕಾವ್ಯಕ್ಕೆ ಈ ಹಳ್ಳಿಯ ಸ್ಥಳಾಂತರವೇ ಪ್ರೇರಣೆಯಾಗಿರಬೇಕೆಂದು ಅನೇಕ ವಿದ್ವಾಂಸರ ಅಭಿಮತ.

ಡಾರ್ಸೆಟ್ ಸೀಮೆಯ ಮಿಲ್ಟನ್ ಅಬಾಸಿನ ವೃತ್ತಾಂತ ಇದಕ್ಕಿಂತ ಕಠೋರವಾದುದು. ಅಲ್ಲಿ ಪುರಾತನವಾದ ಕ್ರೈಸ್ತ ಮಠವೊಂದರ ನೆರಳಿನಲ್ಲಿ ಬೆಳೆದ ಮಿಡಲ್ಟನ್ ಎಂಬ ಪೇಟೆಯಿತ್ತು. ಸಂತೆ, ಅಂಗಡಿಬೀದಿ, ಅನಾಥ ವೃದ್ಧರ ಧರ್ಮಶಾಲೆ ಎಲ್ಲವೂ ಇದ್ದವು. ಮಠದ ಅಧಿಪತಿಯೇ 1521ರಲ್ಲಿ ಸ್ಥಾಪಿಸಿದ ಒಂದು ಪಾಠಶಾಲೆಯೂ ಇತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಮಠ ಮುಚ್ಚಿತು. ಪಾಠಶಾಲೆ ಮಾತ್ರ ಉಳಿಯಿತು. ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಸೇನಾನಿಯ ಪಕ್ಕದಲ್ಲಿದ್ದ ನೌಕಾನಾಯಕ ಥಾಮಸ್ ಹಾರ್ಡಿಯೂ ಅಲ್ಲಿ ಕಲಿತವನೇ. 1752ರಲ್ಲಿ ಆ ಭೂಮಿಯನ್ನು ಕೊಂಡ ಜೋಸೆಫ್ ಡೇಮರ್, ಮುಂದೆ ಮಿಲ್ಟನ್ ಪ್ರಭು ಎನಿಸಿದವನು, ಪೇಟೆಯನ್ನು ಮನೆಮನೆಯಾಗಿ ವಶಪಡಿಸಿಕೊಂಡು ಕೆಡವಿಸಿದನು. ವಿಲಿಯಮ್ ಹ್ಯಾರಿಸನ್ ಎಂಬ ವಕೀಲನು ತನ್ನ ಮನೆಯನ್ನು ಬಿಟ್ಟುಕೊಡಲು ಒಪ್ಪದಿದ್ದಾಗ ಕೊಳದ ತೂಬನ್ನು ತೆರೆಸಿ ಅವನ ಮನೆಗೆ ನೀರು ನುಗ್ಗಿಸಲಾಯಿತೆಂದೂ, ಅವನು ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದನೆಂದೂ ಆ ಸೀಮೆಯಲ್ಲಿ ಪ್ರತೀತಿಯಿದೆ. ಪಾಠಶಾಲೆಯ ಹುಡುಗರ ಗದ್ದಲವೂ ಪ್ರಭುವಿಗೆ ಸಹ್ಯವಾಗಲಿಲ್ಲ. ಅದನ್ನು ನೇರವಾಗಿ ಮುಚ್ಚಿಸಲು ಸಾಧ್ಯವಿರಲಿಲ್ಲವಾಗಿ, 1785ರಲ್ಲಿ ಪಾರ್ಲಿಮೆಂಟಿನಿಂದಲೇ ಒಂದು ಶಾಸನವನ್ನು ಮಾಡಿಸಿ ಪಾಠಶಾಲೆಯನ್ನು ಬ್ಲ್ಯಾಂಡ್‌ಫರ್ಡ್ ಪೇಟೆಗೆ ಸಾಗಿಸಲಾಯಿತು. ಇನ್ನೂರ ಅರವತ್ತನಾಲ್ಕು ವರ್ಷ ಒಂದೇ ನೆಲದಲ್ಲಿ ನಡೆದ ವಿದ್ಯಾಸಂಸ್ಥೆಯನ್ನು ಒಬ್ಬನ ಕಿಟಕಿಯ ನೋಟಕ್ಕಾಗಿ ಕಿತ್ತು ನೆಟ್ಟ ಪ್ರಸಂಗವು ವಿದ್ಯಾದಾನದಲ್ಲಿ ಆಸಕ್ತರಾದವರೆಲ್ಲರೂ ನೆನಪಿನಲ್ಲಿಡತಕ್ಕದ್ದು.

ಪೇಟೆಯನ್ನು ಕಳೆದುಕೊಂಡವರಿಗೆ ದೊರೆತದ್ದೇನು? ಸೌಧದಿಂದ ಕಾಣದ ಕಣಿವೆಯೊಂದರಲ್ಲಿ, ಸುಮಾರು 1780ರ ಹೊತ್ತಿಗೆ, ಮೂವತ್ತಾರರಷ್ಟು ಕುಟೀರಗಳು. ಉದ್ಯಾನ ನಿರ್ಮಾಣದಲ್ಲಿ ಜಗತ್ಪ್ರಸಿದ್ಧನಾದ ಲ್ಯಾನ್ಸ್‌ಲಾಟ್ ಬ್ರೌನ್, ವಾಸ್ತುಶಿಲ್ಪಿ ವಿಲಿಯಮ್ ಚೇಂಬರ್ಸ್ ಇವರಿಬ್ಬರ ಕೈಯೂ ಆ ಯೋಜನೆಯಲ್ಲಿತ್ತು. ಇಳಿಜಾರು ಬೀದಿಯ ಎರಡೂ ಬದಿಗೆ ಒಂದೇ ಅಳತೆಯ, ಒಂದೇ ರೂಪದ, ಚೌಕಾಕಾರದ ಕಾಬ್ ಮನೆಗಳು, ಹುಲ್ಲಿನ ಮಾಡು, ಮನೆಯ ಮುಂದೆ ಹಸುರು, ಮನೆಗೂ ಮನೆಗೂ ನಡುವೆ ಚೆಸ್ಟ್‌ನಟ್ ಮರ. ಇಂಗ್ಲೆಂಡಿನಲ್ಲಿ ಇದಕ್ಕಿಂತ ಮನೋಹರವಾದ ಬೀದಿಯನ್ನು ತೋರಿಸುವುದು ಕಷ್ಟ. ಆದರೆ ಹೊರಗಿನಿಂದ ಒಂದು ಮನೆಯಾಗಿ ಕಾಣುವ ಆ ಕಟ್ಟಡ ವಾಸ್ತವವಾಗಿ ಎರಡು ಸಂಸಾರಗಳಿಗಾಗಿ ಕಟ್ಟಿದುದು. ನಡುವಣ ಒಂದೇ ಬಾಗಿಲು, ಎಡಕ್ಕೊಂದು ಸಂಸಾರ, ಬಲಕ್ಕೊಂದು ಸಂಸಾರ.

ಒಳಗೆ ಮಲಗುವವನ ಪಕ್ಷವನ್ನು ಹಿಡಿದವರು ಅಂದು ಇರಲೇ ಇಲ್ಲವೆಂದರೆ ಅಪಚಾರವಾದೀತು. 1775ರಲ್ಲಿ ನತಾನಿಯಲ್ ಕೆಂಟ್ ಎಂಬ ಜಮೀನು ವ್ಯವಹಾರತಜ್ಞನು ಭೂಮಾಲೀಕರಿಗೆ ಹಿತವಚನವಾಗಿ ಬರೆದ ಗ್ರಂಥದಲ್ಲಿ, ಕುದುರೆಲಾಯದ ಅಂದಚೆಂದಕ್ಕೆ ತೋರುವ ಆಸ್ಥೆಯಲ್ಲಿ ಒಂದಂಶವನ್ನಾದರೂ ಕೂಲಿಗಾರನ ಮನೆಗೆ ತೋರಬೇಕೆಂದು ವಾದಿಸಿದನು. ಆದರೆ ಈ ವಿಷಯದಲ್ಲಿ ನಿಜವಾದ ಆಚಾರ್ಯನೆಂದರೆ ಬಾತ್ ನಗರದ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್. ಬಾತ್ ನಗರದಲ್ಲಿ ಧನಿಕರಿಗಾಗಿ ‘ರಾಯಲ್ ಕ್ರೆಸೆಂಟ್’ ಎಂಬ ಅರ್ಧಚಂದ್ರಾಕಾರದ ಭವ್ಯ ಸೌಧಮಾಲೆಯನ್ನು ಕಟ್ಟಿದ ಅದೇ ಕೈ 1781ರಲ್ಲಿ ಕೂಲಿಕಾರರ ಮನೆಗಳ ನಕ್ಷೆಗಳ ಪುಸ್ತಕವನ್ನು ಹೊರತಂದಿತು. ನಕ್ಷೆ ಬರೆಯುವುದಕ್ಕೆ ಮೊದಲು ಅವನು ಗುಡಿಸಲುಗಳನ್ನು ಹೊಕ್ಕು, ಅಲ್ಲಿದ್ದವರನ್ನೇ ಕೇಳಿ, ಕೊರತೆಗಳನ್ನು ತಿಳಿದುಕೊಂಡನು. ಯಾರಿಗಾಗಿ ಮನೆಯೋ ಅವರ ಸ್ಥಿತಿಯಲ್ಲಿ ತನ್ನನ್ನು ಕಲ್ಪಿಸಿಕೊಳ್ಳದ ಶಿಲ್ಪಿಯು ಅನುಕೂಲವಾದ ಮನೆಯನ್ನು ರೂಪಿಸಲಾರನೆಂಬುದು ಅವನ ಸಿದ್ಧಾಂತ. ನೆಲ ಹೊರಗಿನ ಭೂಮಿಗಿಂತ ಎತ್ತರದಲ್ಲಿರಬೇಕು. ತೇವ ಒಳಗೆ ಬರಬಾರದು. ಮನೆ ಬೆಚ್ಚಗಿರಬೇಕು. ಕಾಯಿಲೆ ಕಸಾಲೆಗಳಲ್ಲಿ ನೆರೆಯವರು ಒದಗುವಂತೆ ಮನೆಗಳನ್ನು ಜೋಡಿಯಾಗಿ ಕಟ್ಟಬೇಕು. ಮಗ್ಗುಲಲ್ಲಿ ತರಕಾರಿಗೆ ತುಸು ನೆಲವಿರಬೇಕು. ಮನೆಯ ಒಳ ಅಗಲವು ಹನ್ನೆರಡು ಅಡಿಯನ್ನು ಮೀರಬಾರದು. ಮೀರಿದರೆ ಸಣ್ಣ ಮರದ ಹಗುರವಾದ ಮಾಡು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಇದರಲ್ಲಿ ಅಲಂಕಾರದ ಮಾತೇ ಇಲ್ಲ. ಇದ್ದದ್ದೆಲ್ಲವೂ ತೇವ, ಶಾಖ, ಮರದ ಬಲ, ನೆರೆಯವರ ಸಹಾಯ ಇವುಗಳ ಮಾತು. ಎಸ್ಟೇಟ್ ಕುಟೀರಗಳ ಕುರಿತು ಹುಟ್ಟಿದ ವಿಪುಲ ಸಾಹಿತ್ಯದಲ್ಲಿ ಈ ಸಣ್ಣ ಪುಸ್ತಕಕ್ಕೆ ಅಗ್ರತಾಂಬೂಲ ಸಲ್ಲಬೇಕು.

ಸಂದದ್ದು ಮಾತ್ರ ಬೇರೆಯವರಿಗೆ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಯೂವಿಡೇಲ್ ಪ್ರೈಸ್ ಮೊದಲಾದವರು ‘ಪಿಕ್ಚರೆಸ್ಕ್’ ಎಂಬ ತತ್ತ್ವವನ್ನು ಪ್ರಸಾರ ಮಾಡಿದರು. ಚಿತ್ರಪಟದಲ್ಲಿರುವಂತೆ ಅಂಕುಡೊಂಕಾಗಿ, ನೆರಳುಬೆಳಕಿನಿಂದ ಕೂಡಿ, ಬಳ್ಳಿ ಹಬ್ಬಿ ಇರುವುದೇ ಚೆಲುವು ಎಂಬುದು ಅದರ ಸಾರ. ಹಳ್ಳಿಯನ್ನು ಕಣ್ಮರೆ ಮಾಡುತ್ತಿದ್ದ ಒಡೆಯರು ಈಗ ಅದನ್ನು ಚಿತ್ರದಂತೆ ಪ್ರದರ್ಶಿಸತೊಡಗಿದರು. ಈ ಪಂಥದ ಶಿಖರ ಬ್ರಿಸ್ಟಲ್ ಬಳಿಯ ಬ್ಲೇಜ್ ಹ್ಯಾಮ್ಲೆಟ್. ಕ್ವೇಕರ್ ಪಂಥದ ಬ್ಯಾಂಕರ್ ಜಾನ್ ಹಾರ್ಫರ್ಡ್ ಎಂಬವನು ತನ್ನ ಮನೆತನದ ಮುಪ್ಪಾದ ಸೇವಕರಿಗಾಗಿ ಇದನ್ನು ಕಟ್ಟಿಸಿದನು. ಶಿಲ್ಪಿ ಜಾನ್ ನ್ಯಾಷ್. ಅವನಿಗೆ ನೆರವಾದವನು ಜಾರ್ಜ್ ರೆಪ್ಟನ್. 1811ರ ಹೊತ್ತಿಗೆ ಮುಗಿದ ಈ ಪುಟ್ಟ ಹಳ್ಳಿಯಲ್ಲಿ ಒಂದು ಹಸುರು ಬಯಲಿನ ಸುತ್ತ ಒಂಬತ್ತು ಕಟ್ಟಡಗಳು. ನಡುವೆ ಸೂರ್ಯಘಡಿಯಾರವನ್ನು ಹೊತ್ತ ನೀರಿನ ಪಂಪು. ಒಂಬತ್ತರಲ್ಲಿ ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ ಹುಲ್ಲಿನ ಮಾಡು, ಕೆಲವಕ್ಕೆ ಕಲ್ಲಿನ ಹೊದಿಕೆ. ಎಲ್ಲಕ್ಕೂ ಎತ್ತರವಾದ, ಚಿತ್ತಾರದ ಇಟ್ಟಿಗೆಯ ಹೊಗೆಗೂಡು. ಅದರಲ್ಲಿಯೂ ಪ್ರತಿಯೊಂದಕ್ಕೆ ಒಂದೊಂದು ವಿನ್ಯಾಸ. ರಾಜಕುಮಾರನಿಗೆ ಬ್ರೈಟನ್ನಿನ ವಿಲಾಸಮಂದಿರವನ್ನು ರೂಪಿಸಿದ ಶಿಲ್ಪಿಯೇ ನಿವೃತ್ತ ಸೇವಕರಿಗೂ ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿದನೆಂಬುದನ್ನು ಮೆಚ್ಚಲೇಬೇಕು. ಆಳವಾದ ಸೂರು ಮಳೆಯನ್ನು ನಿಜವಾಗಿಯೂ ತಡೆಯುತ್ತದೆ. ಬಾಗಿಲ ಬಳಿ ಮುದುಕರಿಗೆ ಕುಳಿತುಕೊಳ್ಳಲು ನಿಜವಾಗಿಯೂ ಜಗಲಿಯುಂಟು. ಆದರೆ ಹೊರಗಿನ ರೂಪಕ್ಕೆ ಮಾಡಿದ ವ್ಯಯವನ್ನು ನೋಡಿದರೆ ಒಳಗಿನ ಕೋಣೆಗಳು ಕಿರಿದು.

ಸಾಮರ್ಸೆಟ್ ಸೀಮೆಯ ಸೆಲ್ವರ್ದಿಯಲ್ಲಿ 1828ರಲ್ಲಿ ಥಾಮಸ್ ಆಕ್ಲಂಡ್ ಎಂಬ ಜಮೀನುದಾರನು ಇದೇ ಮಾದರಿಯನ್ನು ಮನಸ್ಸಿನಲ್ಲಿಟ್ಟು ತನ್ನ ನಿವೃತ್ತರಿಗಾಗಿ ಹಳದಿಗೆನೆಯ ಬಣ್ಣದ ಕುಟೀರಗಳನ್ನು ಸಜ್ಜುಗೊಳಿಸಿದನು. ಅಲ್ಲಿ ಆಡಂಬರ ಕಡಮೆ. ಆದುದರಿಂದಲೇ ಬ್ಲೇಜಿಗಿಂತ ಸೆಲ್ವರ್ದಿಯೇ ಹೆಚ್ಚು ಸಹಜವಾಗಿ ತೋರುತ್ತದೆ. ಡರ್ಬಿಷೈರಿನ ಎಡೆನ್ಸರ್ ಹಳ್ಳಿ ಇದಕ್ಕೆ ತೀರ ವಿರುದ್ಧ. ಚ್ಯಾಟ್ಸ್‌ವರ್ತ್ ಸೌಧದ ಒಡೆಯನಾದ ಡೆವನ್‌ಷೈರಿನ ಆರನೆಯ ಡ್ಯೂಕನು ಜೋಸೆಫ್ ಪ್ಯಾಕ್ಸ್‌ಟನ್ನನ ಮೇಲ್ವಿಚಾರಣೆಯಲ್ಲಿ 1838ರಿಂದ 1842ರವರೆಗೆ ಅದನ್ನು ಹೊಸದಾಗಿ ಕಟ್ಟಿಸಿದನು. ಒಂದು ಮನೆ ಟ್ಯೂಡರ್ ಶೈಲಿ, ಪಕ್ಕದ್ದು ಸ್ವಿಸ್ ಮಾದರಿ, ಅದರಾಚೆಯದು ಇಟಲಿಯ ಗೋಪುರ. ಮನೆಗಳು ಗಟ್ಟಿಮುಟ್ಟಾದವು, ಸಂದೇಹವಿಲ್ಲ. ಆದರೆ ಒಂದೇ ಸಂಧಿಯಲ್ಲಿ ತನಗೆ ತಿಳಿದಿರುವ ಛಂದಸ್ಸುಗಳನ್ನೆಲ್ಲ ಪ್ರದರ್ಶಿಸಲು ಹೊರಟ ಕವಿಯ ಉತ್ಸಾಹ ಅಲ್ಲಿ ಕಾಣುತ್ತದೆ. ಔಚಿತ್ಯವನ್ನೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನು ಆ ಬೀದಿಯಲ್ಲಿ ನಡೆದಿದ್ದರೆ ಏನೆನ್ನುತ್ತಿದ್ದನೋ.

ಇಷ್ಟೆಲ್ಲ ಅಂದದ ಕುಟೀರಗಳನ್ನು ನೋಡಿ ಇಂಗ್ಲೆಂಡಿನ ಕೂಲಿಗಾರರೆಲ್ಲ ಸುಖವಾಗಿದ್ದರೆಂದು ಭಾವಿಸುವುದು ದೊಡ್ಡ ಪ್ರಮಾದ. ಆ ನಾಡಿನ ಕಾನೂನಿನಂತೆ ನಿರ್ಗತಿಕರನ್ನು ಪೋಷಿಸುವ ಹೊಣೆ ಆಯಾ ಗ್ರಾಮದ ಮೇಲಿತ್ತು. ಅದಕ್ಕಾಗಿ ಗ್ರಾಮದ ಭೂಮಿಯ ಮೇಲೆ ತೆರಿಗೆ ಬೀಳುತ್ತಿತ್ತು. ಗ್ರಾಮದಲ್ಲಿ ನೆಲೆಸಿದವರು ಕಡಮೆಯಾದಷ್ಟೂ ಒಡೆಯನ ತೆರಿಗೆ ಕಡಮೆ. ಆದುದರಿಂದ ಇಡೀ ಗ್ರಾಮದ ಒಡೆತನ ಒಬ್ಬನದೇ ಆಗಿದ್ದಲ್ಲಿ ಅವನು ಹೊಸ ಮನೆಗಳನ್ನು ಕಟ್ಟದೆ, ಹಳೆಯವನ್ನು ಕೆಡವಿಸಿ, ಉಳಿದ ನಾಲ್ಕಾರನ್ನು ಒಪ್ಪವಾಗಿ ಇಟ್ಟುಕೊಳ್ಳುವುದು ಸಾಮಾನ್ಯವಾಯಿತು. ಕೂಲಿಗಾರರು ನೆರೆಯ ಊರಿನ ಕೊಳಕು ಗುಡಿಸಲುಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತ ದಿನವೂ ಮೈಲಿಗಟ್ಟಲೆ ನಡೆದು ಅದೇ ಒಡೆಯನ ಹೊಲಕ್ಕೆ ಬರುತ್ತಿದ್ದರು. ಅಂದರೆ ಒಂದು ಹಳ್ಳಿ ಚಿತ್ರದಂತಿರಲು ಅದರ ಪಕ್ಕದ ಹಳ್ಳಿ ನರಕವಾಗಿರಬೇಕಾಗಿತ್ತು. 1865ರ ಶಾಸನವು ಈ ತೆರಿಗೆಯನ್ನು ಹಲವು ಗ್ರಾಮಗಳ ಒಕ್ಕೂಟದ ಮೇಲೆ ಹಂಚಿದ ಮೇಲೆಯೇ ಈ ದುರಾಶೆಗೆ ಆಸ್ಪದ ತಪ್ಪಿದ್ದು. ಅದೇ ವರ್ಷ ಪ್ರಕಟವಾದ ಡಾಕ್ಟರ್ ಹಂಟರ್ ಅವರ ವರದಿಯ ಅಂಕಿಗಳು ಯಾವ ವರ್ಣನೆಗಿಂತಲೂ ಹೆಚ್ಚಾಗಿ ಮಾತನಾಡುತ್ತವೆ. ಅವರು ಪರೀಕ್ಷಿಸಿದ 5,375 ಕೂಲಿಕಾರರ ಮನೆಗಳಲ್ಲಿ 2,195ಕ್ಕೆ ಮಲಗುವ ಕೋಣೆ ಒಂದೇ, 2,930ಕ್ಕೆ ಎರಡು, ಎರಡಕ್ಕಿಂತ ಹೆಚ್ಚು ಇದ್ದುದು ಕೇವಲ 250ಕ್ಕೆ. ತಂದೆತಾಯಿ, ಬೆಳೆದ ಗಂಡುಮಕ್ಕಳು, ಬೆಳೆದ ಹೆಣ್ಣುಮಕ್ಕಳು, ಕೆಲವೊಮ್ಮೆ ಕಾಯಿಲೆಯವರು, ಎಲ್ಲರೂ ಒಂದೇ ಕೋಣೆಯಲ್ಲಿ.

ಒಡೆಯರಲ್ಲಿ ಕೆಲವರು ಇದನ್ನರಿತು ದಾರಿ ಬದಲಿಸಿದುದೂ ಉಂಟು. ಬೆಡ್‌ಫರ್ಡಿನ ಏಳನೆಯ ಡ್ಯೂಕನು 1849ರಲ್ಲಿ ತನ್ನ ಕುಟೀರಗಳ ನಕ್ಷೆಗಳನ್ನು ಕೃಷಿ ಸಂಘದ ಪತ್ರಿಕೆಯಲ್ಲಿಯೇ ಪ್ರಕಟಿಸಿದನು. ಅವು ಸಾದಾ ಇಟ್ಟಿಗೆಯ ಮನೆಗಳು. ಮುಂಗೋಡೆಯ ಮೇಲೆ ಕಿರೀಟ, ಡ್ಯೂಕನ ನಾಮದ ಮೊದಲಕ್ಷರ, ಕಟ್ಟಿದ ವರ್ಷ, ಇಷ್ಟೇ ಅಲಂಕಾರ. ದಾನಿಯು ತನ್ನ ಹೆಸರನ್ನು ಕೆತ್ತಿಸುವ ಆಸೆಯನ್ನು ಬಿಡಲಿಲ್ಲವಾದರೂ ಕೋಣೆಗಳನ್ನು ಕಡಮೆ ಮಾಡಲಿಲ್ಲ. ಅಷ್ಟರಮಟ್ಟಿಗೆ ಆ ಅಕ್ಷರವನ್ನು ಕ್ಷಮಿಸಬಹುದು. 1851ರ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನು ಹೆನ್ರಿ ರಾಬರ್ಟ್ಸ್ ಎಂಬ ಶಿಲ್ಪಿಯಿಂದ ನಾಲ್ಕು ಸಂಸಾರಗಳ ಮಾದರಿ ಮನೆಯೊಂದನ್ನು ಕಟ್ಟಿಸಿ ಜನರಿಗೆ ತೋರಿಸಿದನು. ತಂದೆತಾಯಿಗೊಂದು, ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು, ಹೀಗೆ ಪ್ರತಿ ಸಂಸಾರಕ್ಕೂ ಮೂರು ಮಲಗುವ ಕೋಣೆಗಳು. ಪ್ರದರ್ಶನ ಮುಗಿದ ಮೇಲೆ ಲಂಡನ್ನಿನ ಕೆನಿಂಗ್ಟನ್ ಉದ್ಯಾನಕ್ಕೆ ಸಾಗಿಸಲ್ಪಟ್ಟ ಆ ಮನೆ ಇಂದಿಗೂ ನಿಂತಿದೆ. ಅದರ ಚಿತ್ರವನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಈ ಔದಾರ್ಯಕ್ಕೆ ಬೇಕಾದ ಹಣ ಬಂದದ್ದು ಎಲ್ಲಿಂದ ಎಂಬುದನ್ನೂ ಕೇಳಬೇಕಾಗುತ್ತದೆ. ಯಾರ್ಕ್‌ಷೈರಿನ ಹೇರ್‌ವುಡ್‌ನಲ್ಲಿ ಜಾನ್ ಕಾರ್ ಎಂಬ ಶಿಲ್ಪಿಯು ರೂಪಿಸಿದ ಗಂಭೀರವಾದ ಕಲ್ಲುಮನೆಗಳ ಬೀದಿಯಿದೆ. ಅದನ್ನು ಕಟ್ಟಿಸಿದ ಲ್ಯಾಸೆಲ್ಸ್ ಮನೆತನದ ಐಶ್ವರ್ಯವು ವೆಸ್ಟ್ ಇಂಡೀಸಿನ ಸಕ್ಕರೆಯಿಂದ, ಗುಲಾಮರ ದುಡಿಮೆಯಿಂದ ಬಂದುದು. ಕನ್ನಡನಾಡಿಗೂ ಇಂತಹ ಎಸ್ಟೇಟುಗಳಿಗೂ ಸಂಬಂಧವಿಲ್ಲದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಸೇನೆಯ ನಾಯಕ ಜನರಲ್ ಹ್ಯಾರಿಸನು ಲೂಟಿಯ ಹಂಚಿಕೆಯಲ್ಲಿ ತನಗೆ ಬಂದ ಹಣದಿಂದ 1801ರಲ್ಲಿ ಕೆಂಟ್ ಸೀಮೆಯ ಬೆಲ್ಮಾಂಟ್ ಎಸ್ಟೇಟನ್ನು ಕೊಂಡನು. ಮುಂದೆ ಅವನು ಧರಿಸಿದ ಪ್ರಭುಪದವಿಯಲ್ಲಿ ಶ್ರೀರಂಗಪಟ್ಟಣ, ಮೈಸೂರು ಎಂಬ ಹೆಸರುಗಳೂ ಸೇರಿದವು.

ಎಷ್ಟೇ ಒಳ್ಳೆಯ ಕುಟೀರವಾದರೂ ಅದರಲ್ಲಿ ಒಂದು ಕೊರತೆ ಕಟ್ಟಡದೊಳಗೇ ಅಡಗಿತ್ತು; ಅದು ಯಾವ ನಕ್ಷೆಯಲ್ಲಿಯೂ ಕಾಣದು. ಮನೆ ಕೆಲಸಕ್ಕೆ ಕಟ್ಟಿದುದು. ಕೆಲಸ ಹೋದರೆ ಮನೆಯೂ ಹೋಯಿತು. ಒಡೆಯನಿಗೆ ಒಪ್ಪದ ಮಾತನ್ನಾಡಿದವನು ರಾತ್ರಿ ಹೆಂಡತಿ ಮಕ್ಕಳ ಮುಖವನ್ನು ನೋಡಿ ಮರುದಿನ ಆ ಮಾತನ್ನು ನುಂಗಿಕೊಳ್ಳಬೇಕಾಗಿತ್ತು. ಎರಡಡಿ ದಪ್ಪದ ಗೋಡೆಯೂ ಆಳವಾದ ಸೂರೂ ತಡೆಯಲಾರದ ಚಳಿ ಇದು. ಕೃಷಿ ಕಾರ್ಮಿಕರಿಗೆ ಇಂತಹ ಮನೆಗಳಲ್ಲಿ ಉಳಿಯುವ ಭದ್ರವಾದ ಹಕ್ಕು ಕಾನೂನಿನಿಂದ ದೊರೆತದ್ದು 1976ರಲ್ಲಿ, ಎಂದರೆ ಜಾನ್ ವುಡ್‌ನ ಪುಸ್ತಕ ಬಂದು ನೂರ ತೊಂಬತ್ತೈದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಯಂತ್ರಗಳು ಬಂದು ಹೊಲಗಳಲ್ಲಿ ಕೂಲಿಗಾರರೇ ವಿರಳರಾಗಿದ್ದರು.

ಇಂದು ಈ ಕುಟೀರಗಳ ರಕ್ಷಣೆ ಶ್ಲಾಘ್ಯವಾಗಿ ನಡೆಯುತ್ತಿದೆ. ಬ್ಲೇಜ್ ಹ್ಯಾಮ್ಲೆಟ್ 1943ರಲ್ಲಿಯೂ ಸೆಲ್ವರ್ದಿ 1944ರಲ್ಲಿಯೂ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದವು. 1947ರ ಶಾಸನದಿಂದ ಬೆಳೆದ ಪಟ್ಟಿಗೆ ಸೇರಿದ ಮನೆಯ ರೂಪವನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಹುಲ್ಲಿನ ಮಾಡಿಗೆ ಬೇಕಾದ ನೀಳವಾದ ಗೋಧಿಹುಲ್ಲಿಗಾಗಿ ಹಳೆಯ ತಳಿಗಳನ್ನು ಈಗಲೂ ಬೇರೆಯಾಗಿ ಬೆಳೆಯುತ್ತಾರೆ; ಹೊಸ ತಳಿಗಳ ದಂಟು ಗಿಡ್ಡ. ಆದರೆ ಈ ರಕ್ಷಣೆಯೂ ಬಹುಪಾಲು ಹೊರಗೆ ನಿಂತು ನೋಡುವವನ ಪರವಾಗಿಯೇ ಇದೆ. ಒಮ್ಮೆ ಎರಡು ಸಂಸಾರಗಳು ಹಂಚಿಕೊಂಡ ಮಿಲ್ಟನ್ ಅಬಾಸಿನ ಮನೆಗಳು ಬಹುತೇಕ ಒಂದಾಗಿವೆ. ಇಂತಹ ಹಳ್ಳಿಗಳ ಅನೇಕ ಕುಟೀರಗಳು ಪಟ್ಟಣಿಗರ ವಿಶ್ರಾಂತಿಗೃಹಗಳಾಗಿವೆ. ಹೊಲದಲ್ಲಿ ದುಡಿಯುವವನು ಅಂತಹುದನ್ನು ಕೊಳ್ಳಲಾರನು. ಮಾಡಿನ ಹುಲ್ಲು ಯಾವ ತಳಿಯದೆಂದು ಶ್ರದ್ಧೆಯಿಂದ ಬರೆದಿಡುವವರು, ಆ ಮಾಡಿನ ಕೆಳಗೆ ಒಂದೊಂದು ಕೋಣೆಯಲ್ಲಿ ಎಷ್ಟು ಜನ ಮಲಗಿದ್ದರೆಂಬುದನ್ನೂ ಅದೇ ಫಲಕದಲ್ಲಿ ಬರೆಯಬೇಕು. ಮಿಲ್ಟನ್ ಅಬಾಸಿಗೆ ಬರುವ ಪ್ರವಾಸಿಗರನ್ನು ಮಾರ್ಗದರ್ಶಕರು ಮೊದಲು ಆ ಚೆಲುವಾದ ಬೀದಿಗಲ್ಲ, ಸೌಧದ ಮುಂದಣ ಹಸುರು ಬಯಲಿಗೆ ಕರೆದೊಯ್ಯಬೇಕು. ಪೇಟೆ, ಸಂತೆ, ಮಠಾಧಿಪತಿಯ ಪಾಠಶಾಲೆ ಇದ್ದದ್ದು ಅಲ್ಲಿ.